ಕರಾವಳಿಯಿಂದ ತುಮಕೂರಿಗೆ ಬಂದಿದ್ದೇವೆ, ಇಲ್ಲಿ ಚಳಿಗಾಲ ಕಳೆಯುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಮನೆಯವರಿಗೆ ವರ್ಗವಾಗಿ ಹೊನ್ನಾವರದಿಂದ ತುಮಕೂರಿಗೆ ಬಂದಿದ್ದೀರಿ. ಸಮುದ್ರ ಇಲ್ಲ, ಮೀನುಪೇಟೆ ಇಲ್ಲ, ಪರಿಚಯದವರೂ ಇಲ್ಲ. ಊರಲ್ಲಾಗಿದ್ದರೆ ಚಳಿಗಾಲ ಬಂತೆಂದರೆ ಸಂಜೆ ಪೇಟೆ ಸುತ್ತುವುದು, ರಾತ್ರಿ ಯಕ್ಷಗಾನದ ಆಟ ನೋಡುವುದು, ನೆಂಟರ ಮನೆ ಊಟ. ಇಲ್ಲಿ ಏನು ತಿನ್ನುವುದು, ಎಲ್ಲಿ ಕೊಳ್ಳುವುದು, ಜನರ ಜೊತೆ ಹೇಗೆ ಬೆರೆಯುವುದು ಅಂತ.

ಮೊದಲು ಒಂದು ಮಾತು. ತುಮಕೂರಿನಲ್ಲಿ ನೀವು ದಿನಾ ಓಡಾಡುವ ದೊಡ್ಡ ರಸ್ತೆ ಬಿ.ಎಚ್. ರಸ್ತೆ ಅಲ್ವಾ? ಅದರ ಪೂರ್ತಿ ಹೆಸರು ಬೆಂಗಳೂರು–ಹೊನ್ನಾವರ ರಸ್ತೆ. ತಿಪಟೂರು, ಅರಸೀಕೆರೆ, ಶಿವಮೊಗ್ಗ, ಸಾಗರ ದಾಟಿಕೊಂಡು ಅದು ನಿಮ್ಮೂರಿಗೇ ಹೋಗುತ್ತದೆ. ಮನೆ ನೆನಪಾದಾಗ ಆ ರಸ್ತೆ ಬದಿ ನಿಂತುಕೊಳ್ಳಿ. ಈ ತುದಿಯಲ್ಲಿ ನೀವಿದ್ದೀರಿ, ಆ ತುದಿಯಲ್ಲಿ ನಿಮ್ಮಮ್ಮ ಇದ್ದಾರೆ.

ಮೀನಿನ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ. ಸಮುದ್ರದ ಮೀನು ಇಲ್ಲಿಗೆ ಐಸಿನಲ್ಲಿ ಕೂತು ಬರುತ್ತದೆ. ಬೆಳಿಗ್ಗೆ ದೋಣಿಯಿಂದ ಇಳಿದಿದ್ದನ್ನು ಮಧ್ಯಾಹ್ನ ತಿಂದವರಿಗೆ ಅದು ರುಚಿಸುವುದು ಕಷ್ಟ. ಕೆರೆ ಮೀನು ಸಿಗುತ್ತದೆ, ಅದರ ರುಚಿಯೇ ಬೇರೆ. ಹಾಗಾಗಿ ಈ ಮೂರು ತಿಂಗಳು ಮೀನನ್ನು ಹುಡುಕಿಕೊಂಡು ಹೋಗಬೇಡಿ. ಈ ನೆಲದಲ್ಲಿ ಈಗ ಏನು ಬೆಳೆಯುತ್ತದೋ ಅದನ್ನು ತಿನ್ನಿ. ಈಗ ಬೆಳೆಯುವುದು ಅವರೆಕಾಯಿ.

ನಮ್ಮ ಕಡೆ ಚಳಿಗಾಲ ಬಂದಿದ್ದು ಗೊತ್ತಾಗುವುದೇ ಮೂಗಿನಿಂದ. ಒಂದು ದಿನ ಬೆಳಿಗ್ಗೆ ಹಾಲು ತರೋಕೆ ಹೋದಾಗ ರಸ್ತೆ ಬದಿ ಗೋಣಿತಾಟಿನ ಮೇಲೆ ಹಸಿರು ರಾಶಿ ಬಿದ್ದಿರುತ್ತದೆ. ಹತ್ತು ಹೆಜ್ಜೆ ದೂರಕ್ಕೇ ಒಂದು ವಾಸನೆ ಬರುತ್ತದೆ. ಅದಕ್ಕೆ ಸೊಗಡು ಅನ್ನುತ್ತೇವೆ. ಕಾಯಿಯ ಮೈಮೇಲೆ ಎಣ್ಣೆ ಸವರಿದಂಥ ಜಿಡ್ಡು ಇರುತ್ತದೆ, ಆ ಜಿಡ್ಡಿನ ವಾಸನೆ ಅದು. ಮೊದಲ ಸಲ ಮೂಸಿದವರು ಮುಖ ಕಿವುಚುತ್ತಾರೆ. ನಿಮಗೂ ಹಾಗೇ ಆಗಬಹುದು. ಎರಡು ವಾರ ಕೊಡಿ, ಆಮೇಲೆ ಅದಿಲ್ಲದ ಅವರೆಕಾಯಿಯನ್ನು ನೀವೇ ಬೇಡ ಅನ್ನುತ್ತೀರಿ.

ಇದು ಚಳಿಗಾಲದಲ್ಲೇ ಬರುವುದಕ್ಕೆ ಕಾರಣ ಇದೆ. ನಾಟಿ ಅವರೆ ಹಗಲು ಚಿಕ್ಕದಾಗುವವರೆಗೂ ಹೂವೇ ಬಿಡುವುದಿಲ್ಲ. ಮಳೆಗಾಲದಲ್ಲಿ ರಾಗಿ ಹೊಲದೊಳಗೆ ಅಕ್ಕಡಿ ಸಾಲಾಗಿ ಬಿತ್ತಿರುತ್ತಾರೆ. ರಾಗಿ ಕೊಯ್ದು ಮೆದೆ ಹಾಕಿದ ಮೇಲೂ ಅವರೆ ಗಿಡ ಹೊಲದಲ್ಲಿ ನಿಂತೇ ಇರುತ್ತದೆ. ಇಬ್ಬನಿ ಬಿದ್ದಷ್ಟೂ ಸೊಗಡು ಜಾಸ್ತಿ ಅಂತ ರೈತರು ಹೇಳುತ್ತಾರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ ಅಂತ ತಳಿಗಳನ್ನು ತಂದಿದ್ದಾರೆ, ಅವು ಹಗಲಿನ ಲೆಕ್ಕ ನೋಡದೆ ವರ್ಷವೆಲ್ಲ ಕಾಯಿ ಬಿಡುತ್ತವೆ. ರೈತರಿಗೆ ಅದು ಅನುಕೂಲವೇ. ಆದರೆ ನನ್ನ ನಾಲಿಗೆಗೆ ಮಾಗಿ ಚಳಿಯ ಕಾಯಿಯೇ ಆಗಬೇಕು.

ಕೊಳ್ಳುವಾಗ ಬೆಲೆ ಕೇಳುವ ಮೊದಲು ಒಂದು ಕಾಯಿ ಎತ್ತಿ ಅಂಗೈಯಲ್ಲಿ ಉಜ್ಜಿ ಮೂಸಿ ನೋಡಿ. ವಾಸನೆ ಕೈಗೆ ಅಂಟಬೇಕು. ಕಾಳು ಹೊರಗಿನಿಂದಲೇ ಉಬ್ಬಿ ಕಾಣಬೇಕು. ಚಪ್ಪಟೆ ಕಾಯಿ ಬಿಟ್ಟುಬಿಡಿ, ಅದರಲ್ಲಿ ಸಿಪ್ಪೆಯೇ ಜಾಸ್ತಿ. ಸಣ್ಣ ತೂತು ಕಂಡರೆ ಒಳಗೆ ಹುಳ ಇರುತ್ತದೆ. ಒಂದೆರಡು ಹುಳ ಎಲ್ಲಾ ರಾಶಿಯಲ್ಲೂ ಇದ್ದೇ ಇರುತ್ತವೆ, ಹೆದರಬೇಡಿ. ತೂಕದಲ್ಲಿ ಅರ್ಧದಷ್ಟು ಸಿಪ್ಪೆಗೇ ಹೋಗುತ್ತದೆ, ಅದನ್ನು ಲೆಕ್ಕ ಹಾಕಿ ತನ್ನಿ. ಆ ಸಿಪ್ಪೆಯನ್ನು ಕಸಕ್ಕೆ ಹಾಕಬೇಡಿ. ಹಸು ಕಟ್ಟಿದವರ ಮನೆ ಹತ್ತಿರದಲ್ಲಿ ಇದ್ದರೆ ಕೊಟ್ಟು ಬನ್ನಿ, ಅದೂ ಒಂದು ಪರಿಚಯವೇ.

ಈಗ ಮುಖ್ಯವಾದದ್ದು. ಅವರೆಕಾಯಿಯನ್ನು ಒಬ್ಬರೇ ಕೂತು ಸುಲಿಯಬೇಡಿ. ಹಿತಕಬೇಳೆಯನ್ನಂತೂ ಒಬ್ಬರೇ ಹಿತುಕಲೇಬೇಡಿ.

ನಮ್ಮ ಮನೆಯ ಮೇಲಿನ ಮಹಡಿಗೆ ಕೆಲವು ವರ್ಷದ ಹಿಂದೆ ಕಾರವಾರದ ಕಡೆಯ ಒಂದು ಸಂಸಾರ ಬಂದಿತ್ತು. ಎರಡು ತಿಂಗಳಾದರೂ ಆ ಹುಡುಗಿ ಮೆಟ್ಟಿಲ ಹತ್ತಿರ ಸಿಕ್ಕಾಗ ನಕ್ಕು ಹೋಗುತ್ತಿದ್ದಳು, ಅಷ್ಟೇ. ನಾವೂ ಸುಮ್ನೆ ಇದ್ದೆವು. ಡಿಸೆಂಬರಿನ ಒಂದು ಭಾನುವಾರ ನಾನು, ನಮ್ಮತ್ತೆ, ಎದುರು ಮನೆ ಅಜ್ಜಿ ಬಿಸಿಲಿಗೆ ಅಂತ ತಾರಸಿಯಲ್ಲಿ ಚಾಪೆ ಹಾಸಿಕೊಂಡು ಕೂತಿದ್ದೆವು. ಮುಂದೆ ಒಂದು ದೊಡ್ಡ ಪಾತ್ರೆ. ಅದರಲ್ಲಿ ರಾತ್ರಿಯೆಲ್ಲ ನೆನೆದ ಅವರೆಕಾಳು. ಬಟ್ಟೆ ಒಣಹಾಕೋಕೆ ಬಂದವಳು ನಿಂತು ನೋಡಿದಳು. ಅಜ್ಜಿ, "ಬಾ ತಾಯಿ, ಕೂತ್ಕೋ, ನಿನ್ನ ಕೈ ಖಾಲಿ ಇದೆಯಲ್ಲ" ಅಂದರು.

ಹಿತುಕುವುದು ಹೇಗೆ ಅಂದರೆ, ನೆನೆದ ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒತ್ತಬೇಕು. ಮೇಲಿನ ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ, ಒಳಗಿನ ಬೇಳೆ ಪುಳಕ್ ಅಂತ ಜಾರಿ ಪಾತ್ರೆಗೆ ಬೀಳುತ್ತದೆ. ಜೋರಾಗಿ ಒತ್ತಿದರೆ ಎದುರು ಕೂತವರ ಮುಖಕ್ಕೆ ಹಾರುತ್ತದೆ. ಅವಳು ಒತ್ತಿದ ಮೊದಲ ಕಾಳು ಅಜ್ಜಿಯ ಕನ್ನಡಕಕ್ಕೆ ಬಡಿಯಿತು. ಎಲ್ಲರೂ ನಕ್ಕೆವು. ಆಮೇಲೆ ಎರಡು ಗಂಟೆ ಮಾತು ನಿಲ್ಲಲಿಲ್ಲ. ಅವಳ ತವರು, ಅವಳ ಹೆರಿಗೆ, ಅಜ್ಜಿಯ ಮಂಡಿ ನೋವು, ಎಲ್ಲ ಬಂತು. ಕೈಗೆ ಕೆಲಸ ಇರುತ್ತದೆ, ಮುಖ ನೋಡಿಕೊಂಡೇ ಮಾತಾಡಬೇಕು ಅಂತ ಇರುವುದಿಲ್ಲ. ಅದಕ್ಕೇ ಹೊಸಬರಿಗೆ ಅಲ್ಲಿ ಮಾತು ಸಲೀಸಾಗಿ ಬರುತ್ತದೆ ಅಂತ ನನಗೆ ಅನ್ನಿಸುತ್ತದೆ. ಅವತ್ತು ಅವಳ ಮನೆಗೆ ಒಂದು ಡಬ್ಬಿ ಬೇಳೆ ಹೋಯಿತು. ಮಾರನೇ ದಿನ ಅದೇ ಡಬ್ಬಿಯಲ್ಲಿ ಮುರುಗಲು ಸಾರು ಕೆಳಗೆ ಬಂತು.

ಹಿತಕಬೇಳೆ ಸಾರಿಗೆ ಕಾಯಿ, ಕೊತ್ತಂಬರಿ, ಶುಂಠಿ, ಬೆಳ್ಳುಳ್ಳಿ, ಸ್ವಲ್ಪ ಗಸಗಸೆ, ಚಕ್ಕೆ ಲವಂಗ ಹಾಕಿ ಮಸಾಲೆ ರುಬ್ಬುತ್ತೇವೆ. ಜೊತೆಗೆ ಬಿಸಿ ರಾಗಿಮುದ್ದೆ. ಮುದ್ದೆಯನ್ನು ಅಗಿಯಬೇಡಿ, ಮುರಿದು ಸಾರಿನಲ್ಲಿ ಅದ್ದಿ ನುಂಗಿ. ನೀವು ಮಾಂಸ ತಿನ್ನುವವರಾದರೆ ಹಿತಕಬೇಳೆ ಹಾಕಿದ ಮಟನ್ ಸಾರು ಒಮ್ಮೆ ಮಾಡಿ, ಮೀನು ಇಲ್ಲದ ಕೊರತೆ ಆ ಒಂದು ಮಧ್ಯಾಹ್ನಕ್ಕಾದರೂ ಮರೆಯುತ್ತದೆ. ಬೆಳಿಗ್ಗೆ ತಿಂಡಿಗೆ ಅವರೆಕಾಳು ಉಪ್ಪಿಟ್ಟು, ಅವರೆಕಾಳು ಹಾಕಿ ತಟ್ಟಿದ ಅಕ್ಕಿರೊಟ್ಟಿ. ಸಂಜೆಗೆ ಕರಿದ ಹಿತಕಬೇಳೆ ಮಿಕ್ಸ್ಚರು. ಒಂದು ವಾರ ಮೂರು ಹೊತ್ತೂ ಅವರೆಕಾಯಿ ತಿಂದರೂ ನಮಗೆ ಬೇಜಾರಾಗುವುದಿಲ್ಲ. ಜನವರಿ ಮುಗಿದರೆ ಹೋಯಿತು ಅಂತ ಗೊತ್ತಲ್ಲ.

ಹೊರಗೆ ತಿನ್ನಬೇಕು ಅಂದರೆ ಕ್ಯಾತಸಂದ್ರಕ್ಕೆ ಹೋಗಿ, ತಟ್ಟೆ ಇಡ್ಲಿ ತಿನ್ನಿ. ಬೆಳಿಗ್ಗೆ ಏಳರ ಒಳಗೆ ಹೋಗಿ, ಚಳಿ ಇನ್ನೂ ಇರಬೇಕು. ಬಾಳೆ ಎಲೆಯ ಮೇಲೋ ತಟ್ಟೆಯಲ್ಲೋ ಅಂಗೈ ಅಗಲದ ಇಡ್ಲಿ, ಮೇಲೆ ಬೆಣ್ಣೆ. ಬೆಣ್ಣೆ ಕರಗಿ ಅಂಚಿಗೆ ಬರುವವರೆಗೂ ಕಾಯಿರಿ. ನೀವು ಮನೆಯಲ್ಲಿ ಮಾಡುವ ಇಡ್ಲಿಗಿಂತ ಮೆತ್ತಗಿರುತ್ತದೆ, ಯಾಕಂದರೆ ಹಿಟ್ಟಿಗೆ ಅವಲಕ್ಕಿಯೋ ಸಬ್ಬಕ್ಕಿಯೋ ಸೇರಿಸುತ್ತಾರೆ.

ಕ್ಯಾತಸಂದ್ರದವರೆಗೆ ಹೋದವರು ಸಿದ್ಧಗಂಗಾ ಮಠಕ್ಕೆ ಹೋಗದೆ ಬರಬೇಡಿ. ಓದುವ ಸಾವಿರಾರು ಮಕ್ಕಳಿಗೆ ಅಲ್ಲಿ ದಿನಾ ಊಟ ಆಗುತ್ತದೆ, ಬಂದ ಭಕ್ತರಿಗೂ ಆಗುತ್ತದೆ. ಶಿವಕುಮಾರ ಸ್ವಾಮೀಜಿ 2019ರ ಜನವರಿ 21ರಂದು ಲಿಂಗೈಕ್ಯರಾದರು, ಆಗ ಅವರಿಗೆ 111 ವರ್ಷ. ಆ ದಿನ ಪ್ರತಿ ವರ್ಷ ಊರಿಗೆ ಊರೇ ಮಠದ ಕಡೆ ನಡೆಯುತ್ತದೆ. ಊಟದ ಸಾಲಿನಲ್ಲಿ ಯಾರ ಪಕ್ಕ ಯಾರು ಅಂತ ನೋಡುವುದಿಲ್ಲ. ನೀವೂ ಕೂತುಕೊಳ್ಳಿ.

ಪೇಟೆ ವಿಷಯಕ್ಕೆ ಬರುತ್ತೇನೆ. ಬಟ್ಟೆಬರೆಗೆ ಎಂ.ಜಿ. ರಸ್ತೆ, ಚಿಕ್ಕಪೇಟೆ ಕಡೆ ಹೋಗಿ, ಅದನ್ನು ನೀವೇ ಒಂದು ಸಂಜೆಯಲ್ಲಿ ಕಂಡುಕೊಳ್ಳುತ್ತೀರಿ. ತರಕಾರಿ ಜಾಸ್ತಿ ಬೇಕಾದರೆ ಅಂತರಸನಹಳ್ಳಿ ಮಾರುಕಟ್ಟೆ. ದಿನಸಿಗೆ ಮಂಡಿಪೇಟೆ. ಡಿಸೆಂಬರ್ ಕೊನೆಯಲ್ಲಿ ಮಂಡಿಪೇಟೆಗೆ ಹೋಗಲೇಬೇಕು, ಎಳ್ಳು ಬೆಲ್ಲದ ಸಾಮಾನು ತರೋಕೆ. ನಿಮ್ಮ ಕಡೆ ಸಂಕ್ರಾಂತಿಗೆ ಎಳ್ಳು ಬೀರುವುದು ಇಷ್ಟು ಜೋರಿಲ್ಲ. ಇಲ್ಲಿ ಅದೇ ಹಬ್ಬ.

ಅಂಗಡಿಯಲ್ಲಿ ಕಲಸಿಟ್ಟ ಪ್ಯಾಕೆಟ್ಟು ಸಿಗುತ್ತದೆ. ಅದನ್ನು ತರಬೇಡಿ, ದಯವಿಟ್ಟು. ಕೊಬ್ಬರಿ ನಮ್ಮ ಜಿಲ್ಲೆಯ ತಿಪಟೂರಿನದು. ಸುಲಿಯದ ತೆಂಗಿನಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಲು ಬಿಟ್ಟು ಮಾಡುವ ಉಂಡೆ ಕೊಬ್ಬರಿ ಅದು. ನೀವು ತೆಂಗಿನ ನಾಡಿನವರು, ಆದರೂ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿ, ಒಳಗೆ ಲೊಡಲೊಡ ಅಂತ ಸದ್ದು ಬರಬೇಕು. ಕಡಲೆಕಾಯಿ ಬೀಜ ಪಾವಗಡ, ಶಿರಾ, ಮಧುಗಿರಿ ಕಡೆಯದು. ಬೀಜ ಹುರಿದು ಸಿಪ್ಪೆ ಉಜ್ಜಿ ಮೊರದಲ್ಲಿ ಕೇರಬೇಕು. ಕೊಬ್ಬರಿಯ ಕಪ್ಪು ತುರಿದು ಸಣ್ಣ ಚೂರು ಮಾಡಬೇಕು. ಅಚ್ಚು ಬೆಲ್ಲವನ್ನು ಸಣ್ಣ ಚೌಕವಾಗಿ ಕತ್ತರಿಸಿ ಎರಡು ದಿನ ಬಿಸಿಲಿಗೆ ಇಡಬೇಕು, ಇಲ್ಲದಿದ್ದರೆ ಎಲ್ಲ ಅಂಟಿಕೊಳ್ಳುತ್ತದೆ. ಬಿಳಿ ಎಳ್ಳು, ಹುರಿಗಡಲೆ ಸೇರಿದರೆ ಆಯಿತು. ಇದಕ್ಕೂ ನಾಲ್ಕು ಕೈ ಬೇಕು. ಬೆಲ್ಲ ಕತ್ತರಿಸೋಕೆ ಬನ್ನಿ ಅಂತ ನೀವೇ ಅಕ್ಕಪಕ್ಕದವರನ್ನು ಕರೆಯಿರಿ. ಹೊಸಬರು ಕರೆದರೆ ಯಾರೂ ಇಲ್ಲ ಅನ್ನುವುದಿಲ್ಲ.

ಹಬ್ಬದ ಸಂಜೆ ಹೊಸ ಲಂಗ ಹಾಕಿಕೊಂಡ ಹೆಣ್ಣುಮಕ್ಕಳು ತಟ್ಟೆ ಹಿಡಿದು ಬರುತ್ತಾರೆ. ಎಳ್ಳು ಬೆಲ್ಲ, ಸಕ್ಕರೆ ಅಚ್ಚು, ಒಂದು ತುಂಡು ಕಬ್ಬು, ಬಾಳೆಹಣ್ಣು, ಎಲಚಿ ಹಣ್ಣು. "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ" ಅನ್ನುತ್ತಾರೆ. ನಿಮ್ಮ ಮನೆಗೂ ಬಂದೇ ಬರುತ್ತಾರೆ, ಪರಿಚಯ ಇರಲಿ ಬಿಡಲಿ. ತಟ್ಟೆಯನ್ನು ಬರಿದಾಗಿ ಕಳಿಸಬಾರದು, ಅದಕ್ಕೆ ಒಂದಷ್ಟು ಪೊಟ್ಟಣ ಕಟ್ಟಿಟ್ಟುಕೊಂಡಿರಿ. ಮಗಳಿದ್ದರೆ ಅವಳನ್ನೂ ಬೀದಿಯ ಮಕ್ಕಳ ಜೊತೆ ಕಳಿಸಿ. ಮನೆಗೆ ಬರುವಷ್ಟರಲ್ಲಿ ಬೀದಿಯ ಎಲ್ಲರ ಹೆಸರೂ ಅವಳಿಗೆ ಗೊತ್ತಾಗಿರುತ್ತದೆ. ಊರಾಚೆಯ ಹಳ್ಳಿಗಳಲ್ಲಿ ಅದೇ ಸಂಜೆ ದನಗಳಿಗೆ ಕಿಚ್ಚು ಹಾಯಿಸುತ್ತಾರೆ, ಯಾರಾದರೂ ಕರೆದರೆ ಹೋಗಿ ನೋಡಿ.

ಚಳಿಯ ಬಗ್ಗೆ ಎರಡು ಮಾತು. ಈ ಊರು ಸಮುದ್ರ ಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ, ಗಾಳಿ ಒಣ. ನಿಮ್ಮ ತುಟಿ, ಹಿಮ್ಮಡಿ ಒಡೆಯುತ್ತವೆ. ಊರಿನಿಂದ ತೆಂಗಿನೆಣ್ಣೆ ತರಿಸಿಕೊಳ್ಳಿ. ಬೆಳಿಗ್ಗೆ ಅಮಾನಿಕೆರೆ ಸುತ್ತ ನಡೆಯೋಕೆ ಹೋಗಿ. ಧನುರ್ಮಾಸದಲ್ಲಿ, ಅಂದರೆ ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ, ದೇವಸ್ಥಾನಗಳಲ್ಲಿ ಬೆಳಕು ಹರಿಯುವ ಮೊದಲೇ ಪೂಜೆ. ದೊನ್ನೆಯಲ್ಲಿ ಮೆಣಸು ಹಾಕಿದ ಬಿಸಿ ಹುಗ್ಗಿ ಕೊಡುತ್ತಾರೆ. ಆ ದೊನ್ನೆಯ ಬಿಸಿ ಕೈಗೆ ತಾಕಿದಾಗ ಎದ್ದು ಬಂದಿದ್ದು ಸಾರ್ಥಕ ಅನ್ನಿಸುತ್ತದೆ. ದೇವರಾಯನದುರ್ಗ ಹತ್ತಿರವೇ ಇದೆ, ಮಂಜು ಇರುವಾಗ ಒಂದು ಬೆಳಿಗ್ಗೆ ಹೋಗಿ ಬನ್ನಿ.

ಕೊನೆಯದಾಗಿ ನೀವು ಕೇಳಿದ ಆಟ. ಇಡಗುಂಜಿ ಮೇಳದ ತಾಲ್ಲೂಕಿನವರು ನೀವು, ಚಂಡೆ ಸದ್ದು ಇಲ್ಲಿ ಸಿಗುವುದಿಲ್ಲ. ಆದರೆ ನಾಟಕ ಸಿಗುತ್ತದೆ. ಗುಬ್ಬಿ ಕಂಪನಿ 1884ರಲ್ಲಿ ಹುಟ್ಟಿದ್ದು ನಮ್ಮ ಪಕ್ಕದ ಗುಬ್ಬಿಯಲ್ಲೇ. ಆ ಹುಚ್ಚು ಈ ಜಿಲ್ಲೆಯನ್ನು ಇನ್ನೂ ಬಿಟ್ಟಿಲ್ಲ. ಸುಗ್ಗಿ ಮುಗಿದ ಮೇಲೆ ಹಳ್ಳಿ ಹಳ್ಳಿಯಲ್ಲಿ ಕುರುಕ್ಷೇತ್ರ ಆಡುತ್ತಾರೆ. ಪಾತ್ರ ಮಾಡುವವರು ರೈತರು, ಮೇಷ್ಟ್ರು, ಬಸ್ ಡ್ರೈವರು. ಪಾತ್ರಕ್ಕೆ ತಾವೇ ದುಡ್ಡು ಕೊಟ್ಟು, ಡ್ರಾಮಾ ಮಾಸ್ಟರ ಹತ್ತಿರ ತಿಂಗಳುಗಟ್ಟಲೆ ಹಾಡು ಕಲಿತು, ಬಾಡಿಗೆ ಕಿರೀಟ ಇಟ್ಟುಕೊಂಡು ಬೆಳಗಿನವರೆಗೆ ಹಾಡುತ್ತಾರೆ. ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲೂ ಆಗಾಗ ನಾಟಕ ಇರುತ್ತದೆ, ಗೋಡೆಯ ಪೋಸ್ಟರ್ ನೋಡುತ್ತಿರಿ. ಭೀಮ ದುರ್ಯೋಧನರ ಫೋಟೋಗಳಲ್ಲಿ ನಿಮ್ಮ ಬೀದಿಯವರೇ ಒಬ್ಬರು ಇರಬಹುದು.

ಹಳ್ಳಿಯ ನಾಟಕಕ್ಕೆ ಹೋದರೆ ಒಂದು ಕಂಬಳಿ, ಒಂದು ಚಾಪೆ, ಒಂದು ಡಬ್ಬಿ ಹಿತಕಬೇಳೆ ಮಿಕ್ಸ್ಚರು ತೆಗೆದುಕೊಂಡು ಹೋಗಿ. ಪಕ್ಕ ಕೂತ ಹೆಂಗಸರಿಗೂ ಕೊಡಿ. ಚಳಿ ಶಿವರಾತ್ರಿಗೆ ಶಿವ ಶಿವ ಅಂತ ಹೋಗುತ್ತದೆ. ಆಗ ಸಿದ್ಧಗಂಗೆ ಜಾತ್ರೆ, ದನಗಳ ಜಾತ್ರೆ ಶುರುವಾಗಿರುತ್ತದೆ. ಆ ಹೊತ್ತಿಗೆ ಜಾತ್ರೆಗೆ ಯಾರ ಜೊತೆ ಹೋಗಬೇಕು ಅಂತ ನೀವು ಇಲ್ಲಿ ಕೇಳಬೇಕಾಗುವುದಿಲ್ಲ ಅಂತ ನನ್ನ ನಂಬಿಕೆ. ಅಕಸ್ಮಾತ್ ಜೊತೆ ಸಿಗದಿದ್ದರೆ ನನಗೇ ಬರೆಯಿರಿ, ನಾವೆಲ್ಲ ಒಟ್ಟಿಗೇ ಹೊರಡುತ್ತೇವೆ.