ಘಾಟಿಯಲ್ಲಿ ಕುದಿಯುವ ಹಳೆಯ ಜೀಪು: ಥರ್ಮೋಸ್ಟಾಟ್ ಕೀಳುವ ಮುನ್ನ

ಹುಲಿಕಲ್ ಘಾಟಿ ಹತ್ತುವಾಗ ತಮ್ಮ ಎಂಎಂ 540 (ಮಹೀಂದ್ರದ ಹಳೆಯ ಡೀಸೆಲ್ ಜೀಪು) ಪ್ರತಿ ಬಾರಿಯೂ ಕುದಿಯುತ್ತದೆಂದೂ, ಮೇಸ್ತ್ರಿಯ ಮಾತಿನಂತೆ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ಕವಾಟ) ತೆಗೆಸಿದ ಮೇಲೂ ಗುಣ ಕಾಣಲಿಲ್ಲವೆಂದೂ, ಈಗ ದೊಡ್ಡ ರೇಡಿಯೇಟರ್ ಹಾಕಿಸುವ ಯೋಚನೆಯಿದೆಯೆಂದೂ ಹೊಸನಗರದ ಸ್ನೇಹಿತರು ಬರೆದಿದ್ದಾರೆ. ಓದಿ ಸುಮ್ಮನಿರಲಾಗಲಿಲ್ಲ. ಇದೇ ದಾರಿಯಲ್ಲಿ ಹೋಗಿ ನಾನು ಒಂದು ಹೆಡ್ ಗ್ಯಾಸ್ಕೆಟ್ಟನ್ನೂ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಸೋರದಂತೆ ಕೂರಿಸುವ ಹಾಳೆ) ಬಲಗೈಯ ಚರ್ಮವನ್ನೂ ಕಳೆದುಕೊಂಡಿದ್ದೇನೆ. ದಯವಿಟ್ಟು ಹೊಸ ರೇಡಿಯೇಟರಿಗೆ ಮುಂಗಡ ಕೊಡಬೇಡಿ. ಮೊದಲು ಥರ್ಮೋಸ್ಟಾಟನ್ನು ಇದ್ದಲ್ಲಿಗೆ ಮರಳಿಸಿ.

ಬೈಪಾಸ್ ದಾರಿಯಿರುವ ಹಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಪೂರ್ತಿ ತೆರೆದಾಗ ಆ ದಾರಿಯನ್ನು ಮುಚ್ಚುವ ಕೆಲಸವೂ ಅದರದ್ದೇ ಆಗಿರುತ್ತದೆ. ಅದನ್ನು ಕಿತ್ತುಬಿಟ್ಟರೆ ಬಿಸಿನೀರಿನ ಒಂದು ಪಾಲು ರೇಡಿಯೇಟರನ್ನು ಮುಟ್ಟದೆಯೇ ಎಂಜಿನ್ನಿನೊಳಗೆ ಸುತ್ತು ಹೊಡೆಯುತ್ತದೆ. ಸಪಾಟು ರಸ್ತೆಯಲ್ಲಿ ತಣ್ಣಗಿರುವ ಗಾಡಿ ಏರಿನಲ್ಲಿ ಮಾತ್ರ ಕುದಿಯುವುದಕ್ಕೆ ಇದೊಂದು ಕಾರಣ. ಇನ್ನು ನಮ್ಮ ಮಳೆಗಾಲದಲ್ಲಿ ಎಂಜಿನ್ ಬೆಚ್ಚಗೇ ಆಗದೆ ಹೊಗೆ ಕಾರುವುದು, ಡೀಸೆಲ್ ಕುಡಿಯುವುದು, ಆಯಿಲ್ ಬೇಗ ಕೆಡುವುದು ಬೇರೆ. ಥರ್ಮೋಸ್ಟಾಟ್ ಕೆಟ್ಟಿದೆಯೆಂಬ ಅನುಮಾನವಿದ್ದರೆ ಹಳೆಯ ಪಾತ್ರೆಯಲ್ಲಿ ನೀರಿಟ್ಟು, ತಳಕ್ಕೆ ತಾಗದಂತೆ ದಾರದಲ್ಲಿ ಅದನ್ನು ಇಳಿಬಿಟ್ಟು ಕಾಯಿಸಿ ನೋಡಿ. ಮೇಲೆ 82 ಎಂದು ಕೆತ್ತಿದ್ದರೆ ಸುಮಾರು ಅಷ್ಟು ಡಿಗ್ರಿಗೆ ಬಾಯಿ ಬಿಡಲು ತೊಡಗಬೇಕು, ನೀರು ಕುದಿಯುವ ಹೊತ್ತಿಗೆ ಪೂರ್ತಿ ತೆರೆದಿರಬೇಕು. ಆ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಬಾರದು, ಎಂಜಿನ್ ತಣಿಸುವ ನೀರಿಗೆ ಬೆರೆಸುವ ಕೂಲಂಟ್ ವಿಷ.

ನನ್ನ ಕಥೆ ಇಷ್ಟು. ಹೆಬ್ರಿ ಕಡೆಯಿಂದ ಮಂಗಳೂರು ಹೆಂಚು ತುಂಬಿಕೊಂಡು ಮಾರ್ಚ್ ತಿಂಗಳ ಮಧ್ಯಾಹ್ನ ಆಗುಂಬೆ ಘಾಟಿ ಹತ್ತುತ್ತಿದ್ದೆ. ಥರ್ಮೋಸ್ಟಾಟ್ ತೆಗೆಸಿ ತಿಂಗಳಾಗಿತ್ತು. ಇನ್ನು ಬಿಸಿಯಾಗುವ ಮಾತೇ ಇಲ್ಲವೆಂಬ ಧೈರ್ಯ. ಹದಿನಾಲ್ಕು ತಿರುವುಗಳಲ್ಲಿ ನಾಲ್ಕನೆಯದನ್ನು ದಾಟುವಷ್ಟರಲ್ಲಿ ಉಷ್ಣಾಂಶ ತೋರಿಸುವ ಮುಳ್ಳು ಕೆಂಪಿಗೆ ಹೋಯಿತು. ನಿಲ್ಲಿಸಿದವನೇ ಅವಸರದಲ್ಲಿ ರೇಡಿಯೇಟರಿನ ಕ್ಯಾಪ್ ತಿರುಗಿಸಿದೆ, ಮೊಣಕೈವರೆಗೆ ಸುಟ್ಟುಕೊಂಡೆ. ಆ ಉರಿಯಲ್ಲಿಯೇ ಪಕ್ಕದ ಝರಿಯ ತಣ್ಣೀರನ್ನು ಕೆಂಡದಂತಿದ್ದ ಎಂಜಿನ್ನಿಗೆ ಸುರಿದೆ. ಗ್ಯಾಸ್ಕೆಟ್ ಹೋಯಿತು, ಹೆಡ್ ಬಾಗಿತು. ಹೆಡ್ ಫೇಸಿಂಗ್ ಮಾಡಿಸಲು, ಅಂದರೆ ಬಾಗಿದ್ದನ್ನು ಉಜ್ಜಿಸಿ ಸಪಾಟು ಮಾಡಿಸಲು, ಬಿಚ್ಚಿದಾಗಷ್ಟೇ ನಿಜವಾದ ಕಾರಣಗಳು ಕಂಡವು: ರೇಡಿಯೇಟರಿನ ಕೆಳಗಿನ ಮೂರನೆಯ ಒಂದು ಭಾಗ ಕೆಂಪು ಕೆಸರು ಮತ್ತು ಹುಲ್ಲಿನ ಬೀಜದಿಂದ ಗೋಡೆಯಂತೆ ಮುಚ್ಚಿತ್ತು, ಫ್ಯಾನ್ ಎಳೆಯುವ ಗಾಳಿ ರೇಡಿಯೇಟರಿನ ಮೂಲಕವೇ ಬರುವಂತೆ ಮಾಡುವ, ಫ್ಯಾನಿನ ಸುತ್ತಲಿನ ಶ್ರೌಡ್ ಇರಲೇ ಇಲ್ಲ. ಯಾವುದೋ ರಿಪೇರಿಯಲ್ಲಿ ಬಿಚ್ಚಿದ ಅದು ನಮ್ಮದೇ ಕೊಟ್ಟಿಗೆಯ ಅಟ್ಟದ ಮೇಲಿತ್ತು, ಕೋಳಿಯೊಂದು ಅದರೊಳಗೆ ಮೊಟ್ಟೆಯಿಡುತ್ತಿತ್ತು. ಅದನ್ನು ಬೇಡವೆಂದು ಬಿಟ್ಟ ಮೇಸ್ತ್ರಿಯನ್ನು ಬೈದು ಫಲವಿಲ್ಲ, ವರ್ಷಗಟ್ಟಲೆ ಬಾನೆಟ್ ಎತ್ತಿ ನೋಡಿಯೂ ಕೇಳದಿದ್ದವನು ನಾನು.

ಆದ್ದರಿಂದ ಮೊದಲು ರೇಡಿಯೇಟರನ್ನು ಬಿಚ್ಚಿ ತೊಳೆಯಿರಿ, ಅದೂ ಸರಿಯಾದ ದಿಕ್ಕಿನಲ್ಲಿ. ಗ್ರಿಲ್ ಕಡೆಯಿಂದ ನೀರು ಬಿಟ್ಟರೆ ಕೆಸರು ಇನ್ನಷ್ಟು ಒಳಗೆ ಹೋಗಿ ಕೂರುತ್ತದೆ. ಸಾಬೂನು ನೀರು ಚಿಮುಕಿಸಿ ಒಂದು ರಾತ್ರಿ ನೆನೆಯಲು ಬಿಡಿ, ಎಣ್ಣೆ ಬೆರೆತ ಮಣ್ಣು ಆಗಷ್ಟೇ ಸಡಿಲವಾಗುತ್ತದೆ. ಮರುದಿನ ಎಂಜಿನ್ ಕಡೆಯ ಮುಖದಿಂದ ಹೊರಗೆ ಬರುವಂತೆ ತೋಟದ ಪೈಪಿನಲ್ಲಿ ನಿಧಾನವಾಗಿ ನೀರು ಬಿಡಿ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಗನ್ ಹಿಡಿದರೆ ರೇಡಿಯೇಟರಿನ ತೆಳು ತಗಡಿನ ಫಿನ್ನುಗಳು ಮಡಚಿಕೊಳ್ಳುತ್ತವೆ, ಆಮೇಲೆ ಗಾಳಿಗೆ ದಾರಿಯೇ ಇರುವುದಿಲ್ಲ. ಒಳಗೂ ಹಾಗೆಯೇ: ಕೆಳಗಿನ ಬಾಯಿಯಿಂದ ನೀರು ಹಾಯಿಸಿ ಮೇಲಿನ ಬಾಯಿಯಿಂದ ತಿಳಿನೀರು ಬರುವವರೆಗೂ ಬಿಡಬೇಕು. ಎಂಜಿನ್ ಬ್ಲಾಕಿನ ನೀರು ಬಸಿಯುವ ಡ್ರೈನ್ ಕಾಕ್ ತೆಗೆಯಲು ಯಾರೂ ನೆನಪಿಡುವುದಿಲ್ಲ. ನನ್ನ ಗಾಡಿಯಲ್ಲಿ ಅದನ್ನು ತೆಗೆದರೆ ಒಂದು ಹನಿಯೂ ಬರಲಿಲ್ಲ, ತಂತಿ ಹಾಕಿ ಕೆದಕಿದ ಮೇಲೆ ಗದ್ದೆಯ ಕೆಸರಿನಂಥದ್ದು ಹೊರಬಂತು. ಏರಿನಲ್ಲಿ ಸಿಕ್ಕ ಹಳ್ಳದ ನೀರನ್ನೆಲ್ಲ ಕುಡಿಸಿದ್ದರ ಫಲವದು. ಆಸಿಡ್ ಹಾಕಿ ತೊಳೆಯುವವರಿದ್ದಾರೆ, ನಾನು ಒಪ್ಪುವುದಿಲ್ಲ. ಕೊಳೆಯ ಜೊತೆಗೆ ಬೆಸುಗೆಯೂ ಹೋಗುತ್ತದೆ. ಟ್ಯೂಬುಗಳೇ ಕಟ್ಟಿದ್ದರೆ ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಂಥ ಕಡೆ ರೇಡಿಯೇಟರಿನ ಟ್ಯಾಂಕ್ ಬಿಚ್ಚಿಸಿ, ಟ್ಯೂಬುಗಳೊಳಗೆ ರಾಡ್ ಹಾಕಿಸಿ ಕೊಳೆ ತೆಗೆಸಬಹುದು, ನಿಮ್ಮದು ತಾಮ್ರ-ಹಿತ್ತಾಳೆಯ ರೇಡಿಯೇಟರ್ ಆಗಿದ್ದರೆ ಮಾತ್ರ. ಆ ಭಾಗ್ಯ ಇಂದಿನ ಅಲ್ಯೂಮಿನಿಯಂ-ಪ್ಲಾಸ್ಟಿಕ್ ರೇಡಿಯೇಟರುಗಳಿಗಿಲ್ಲ. ಹಳೆಯದನ್ನು ಗುಜರಿಗೆ ಕೊಟ್ಟು ಹೊಳೆಯುವ ಹೊಸದನ್ನು ತರುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಶ್ರೌಡ್ ಹಾಕುವಾಗ ಫ್ಯಾನಿನ ರೆಕ್ಕೆ ಅರ್ಧ ಒಳಗೆ, ಅರ್ಧ ಹೊರಗೆ ಇರಲಿ. ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ ಹತ್ತು ಹನ್ನೆರಡು ಮಿಲಿಮೀಟರಿಗಿಂತ ಹೆಚ್ಚು ಬಾಗಬಾರದು. ನಾನು ಫೆನ್ನರ್ ಕಂಪನಿಯ ಬೆಲ್ಟ್ ಬಿಟ್ಟು ಬೇರೆ ಹಾಕುವುದಿಲ್ಲ, ಅದು ನನ್ನ ಹಟವೆಂದೇ ತಿಳಿಯಿರಿ. ರೇಸ್ ಮಾಡಿದಾಗ ಕೆಳಗಿನ ಹೋಸ್ ಒಳಕ್ಕೆ ಚಪ್ಪಟೆಯಾದರೆ ಅದರೊಳಗಿನ ಸ್ಪ್ರಿಂಗ್ ತುಕ್ಕು ಹಿಡಿದು ಹೋಗಿದೆಯೆಂದು ಅರ್ಥ.

ಕ್ಯಾಪನ್ನು ತಾತ್ಸಾರ ಮಾಡಬೇಡಿ. ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದ ಆಗುಂಬೆಯಲ್ಲಿ ಬರೀ ನೀರು ಹತ್ತಿರಹತ್ತಿರ 98 ಡಿಗ್ರಿಗೇ ಕುದಿಯುತ್ತದೆ. ಅದನ್ನು ತಡೆಯುವುದು ಕ್ಯಾಪ್ ಹಿಡಿದಿಡುವ ಒತ್ತಡ. ಪ್ರತಿ ಪಿಎಸ್‌ಐ (ಚದರ ಇಂಚಿಗೆ ಒಂದು ಪೌಂಡ್) ಒತ್ತಡಕ್ಕೆ ಕುದಿಬಿಂದು ಸುಮಾರು ಒಂದೂವರೆ ಡಿಗ್ರಿ ಏರುತ್ತದೆ. ರಬ್ಬರ್ ಒಣಗಿದ ಕ್ಯಾಪ್ ಇದ್ದರೂ ಇಲ್ಲದಂತೆಯೇ. ಹಾಗೆಂದು ಹೆಚ್ಚು ಒತ್ತಡದ ಕ್ಯಾಪ್ ಹಾಕಿದರೆ ಹಳೆಯ ಬೆಸುಗೆ ಬಿರಿಯುತ್ತದೆ, ಕಂಪನಿ ಹೇಳಿದ ಅಳತೆಯದನ್ನೇ ತನ್ನಿ. ಅರ್ಧಕ್ಕರ್ಧ ಕೂಲಂಟ್ ಮತ್ತು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಬೆರೆಸಿ. ಬಣ್ಣ ಬೇರೆಯಾದ ಎರಡು ಕೂಲಂಟುಗಳನ್ನು ಕೂಡಿಸಬೇಡಿ. ದಾರಿಬದಿಯ ಹೆಸರಿಲ್ಲದ ಹಸಿರು ಬಾಟಲಿಗಿಂತ ಬರೀ ಡಿಸ್ಟಿಲ್ಡ್ ನೀರೇ ವಾಸಿ ಎಂದು ಕೆಲವರೆನ್ನುತ್ತಾರೆ, ಆದರೆ ತುಕ್ಕಿನ ದೃಷ್ಟಿಯಿಂದ ಅದೂ ತಪ್ಪು. ತುಂಬುವಾಗ ಗಾಡಿಯ ಮೂತಿ ಮೇಲಾಗುವಂತೆ ಏರಿನಲ್ಲಿ ನಿಲ್ಲಿಸಿ, ಹೋಸನ್ನು ಹಿಂಡುತ್ತ ನಿಧಾನಕ್ಕೆ ಹಾಕಿದರೆ ಒಳಗೆ ಗಾಳಿ ಸಿಕ್ಕಿಕೊಂಡು ಏರ್‌ಲಾಕ್ ಆಗುವುದಿಲ್ಲ. ತೆಗೆದ ಹಳೆಯ ಕೂಲಂಟನ್ನು ಅಂಗಳಕ್ಕೆ ಚೆಲ್ಲಬೇಡಿ ಮಾರಾಯರೇ. ಅದಕ್ಕೆ ಸಿಹಿ ರುಚಿಯಿದೆ, ನಾಯಿಯೋ ಕರುವೋ ನೆಕ್ಕಿದರೆ ಉಳಿಯುವುದು ಕಷ್ಟ.

ಇಷ್ಟಕ್ಕೂ ಮೊದಲು ಒಂದು ಪರೀಕ್ಷೆ. ಈಗಾಗಲೇ ಹಲವು ಬಾರಿ ಕುದಿದಿರುವುದರಿಂದ ನಿಮ್ಮ ಗ್ಯಾಸ್ಕೆಟ್ ಸುಸ್ಥಿತಿಯಲ್ಲಿದೆಯೆಂದು ನಂಬಬೇಡಿ. ಬೆಳಗ್ಗೆ ತಣ್ಣಗಿನ ಎಂಜಿನ್ನಿನ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ. ಬಿಡದೆ ಗುಳ್ಳೆ ಬಂದರೆ, ಅಥವಾ ಕ್ಯಾಪ್ ಹಾಕಿ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ, ಗ್ಯಾಸ್ಕೆಟ್ ಹೋಗಿದೆಯೆಂದು ಅರ್ಥ. ಆಗ ರೇಡಿಯೇಟರ್ ತೊಳೆದು ಪ್ರಯೋಜನವಿಲ್ಲ, ಹೆಡ್ ಬಿಚ್ಚಲೇಬೇಕು. ಹಳ್ಳ ದಾಟಿದ ಮೇಲೆ ಹೆಚ್ಚು ಬಿಸಿಯಾಗುವುದಾದರೆ ನಾಲ್ಕೂ ಚಕ್ರಗಳ ಬ್ರೇಕ್ ಡ್ರಮ್ಮುಗಳ ಹತ್ತಿರ ಕೈಹಿಡಿದು ನೋಡಿ. ಬ್ರೇಕ್ ಹಿಡಿದುಕೊಂಡಿದ್ದರೆ ಎಂಜಿನ್ ಏನು ಮಾಡೀತು? ಎತ್ತರದ ಗೇರಿನಲ್ಲಿ ಗೊಣಗಿಸುತ್ತ ಹತ್ತಿಸುವುದೂ ತಪ್ಪು. ಫ್ಯಾನ್ ಮತ್ತು ಪಂಪ್ ತಿರುಗುವುದು ಎಂಜಿನ್ನಿನ ವೇಗಕ್ಕೆ ತಕ್ಕಂತೆ, ಆದ್ದರಿಂದ ಒಂದು ಗೇರ್ ಇಳಿಸಿ. ಕೊಡಚಾದ್ರಿಯಂಥ ಮಣ್ಣಿನ ಏರಿಗೆ ಲೋ ರೇಂಜ್ (ವೇಗ ಇಳಿಸಿ ಎಳೆತ ಹೆಚ್ಚಿಸುವ ಗೇರು) ಇದೆ. ಒಣ ಡಾಂಬರಿನ ಮೇಲೆ ಮಾತ್ರ ಫೋರ್ ವೀಲ್ ಹಾಕಬೇಡಿ.

ಮುಳ್ಳಿನ ಮಾತನ್ನು ಪೂರ್ತಿ ನಂಬುವಂತಿಲ್ಲ, ಅರ್ಥಿಂಗ್ ಕೆಟ್ಟರೂ ಅದು ಸುಳ್ಳು ಹೇಳುತ್ತದೆ. ಸಿಕ್ಕರೆ ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದನ್ನು ತನ್ನಿ. ತೊಳೆದು ಜೋಡಿಸಿದ ಮೇಲೆ ಅದೇ ಘಾಟಿಯನ್ನು ಅದೇ ಹೊರೆಯೊಂದಿಗೆ ಹತ್ತಿ, ಮೇಲೆ ನಿಲ್ಲಿಸಿ, ಎಂಜಿನ್ ಆರಿಸದೆ ಎರಡೂ ಹೋಸ್‌ಗಳ ಮತ್ತು ರೇಡಿಯೇಟರಿನ ನಾಲ್ಕು ಮೂಲೆಗಳ ಉಷ್ಣಾಂಶ ಅಳೆದು ಇಲ್ಲಿ ಬರೆಯಿರಿ. ಒಂದೇ ಎತ್ತರದ ಎರಡು ಮೂಲೆಗಳಲ್ಲಿ ಯಾವುದು ಹೆಚ್ಚು ತಣ್ಣಗಿದೆಯೋ ಅಲ್ಲಿ ಟ್ಯೂಬು ಇನ್ನೂ ಕಟ್ಟಿರಬಹುದು.