ಟೀಚರ್ ಮುಖದಲ್ಲಿ ಯಾವಾಗಲೂ ನಗು ಇರಬೇಕೇ?

ಪ್ರಶ್ನೆ: ಚರ್ಚ್ ಆವರಣದಲ್ಲೇ ಇರುವ ಕಥೋಲಿಕ ಪ್ರಾಥಮಿಕ ಶಾಲೆಯಲ್ಲಿ ಮೂರನೇ ತರಗತಿಗೆ ಕಲಿಸುತ್ತೇನೆ. 42 ಮಕ್ಕಳು. ಭಾನುವಾರ ಚರ್ಚಿನಲ್ಲಿ ಬಲಿಪೂಜೆ (ಮಾಸ್) ಮುಗಿದ ಮೇಲೆ ಧರ್ಮೋಪದೇಶ ತರಗತಿಯೂ ನನ್ನದೇ. ಸಂಜೆಗೆ ಗಂಟಲು ಕಟ್ಟಿರುತ್ತದೆ, ಮಕ್ಕಳ ಮೇಲೆ ರೇಗುತ್ತೇನೆ, ರಾತ್ರಿಯೆಲ್ಲ ಅದೇ ಕೊರಗು. 'ಇದು ದೇವರ ಕರೆ, ಖುಷಿಯಿಂದ ಮಾಡಬೇಕು' ಅನ್ನುತ್ತಾರೆ. ಖುಷಿ ಎಲ್ಲಿಂದ ತರಲಿ?
– ಶಿಕ್ಷಕಿ, ದಕ್ಷಿಣ ಕನ್ನಡ

ಉತ್ತರ: ಮೊದಲು ನೋಟ್‌ಬುಕ್ಕಿನ ಲೆಕ್ಕ ನೋಡೋಣ, ಪ್ರಾರ್ಥನೆಯ ಮಾತು ಆಮೇಲೆ. 42 ಮಕ್ಕಳು, ನಾಲ್ಕು ವಿಷಯ ಅಂದರೆ 168 ಪುಸ್ತಕ. ಒಂದಕ್ಕೆ ಒಂದೂವರೆ ನಿಮಿಷ ಹಿಡಿದರೂ ನಾಲ್ಕು ಗಂಟೆ ದಾಟುತ್ತದೆ. ದಿನಾ ಅಷ್ಟನ್ನು ಮನೆಗೆ ಹೊತ್ತವರಿಗೆ ಬೆಳಿಗ್ಗೆ ನಗು ಬರುವುದಿಲ್ಲ. ತರಗತಿಯನ್ನು ಐದು ಗುಂಪು ಮಾಡಿ. ದಿನಕ್ಕೊಂದು ಗುಂಪಿನ ಎಂಟೊಂಬತ್ತು ಮಕ್ಕಳ ಪುಸ್ತಕ ಮಾತ್ರ ಪೂರ್ತಿ ತಿದ್ದಿ. ಸುಮಾರು 50 ನಿಮಿಷದ ಕೆಲಸ. ಉಳಿದವರು ಬೋರ್ಡ್ ನೋಡಿ ತಾವೇ ತಿದ್ದಿಕೊಳ್ಳಲಿ, ನೀವು ಸಹಿ ಹಾಕಿ. ಇದು ಕೆಡುವುದು ಒಂದೇ ಕಡೆ: ಮಕ್ಕಳು ತಪ್ಪನ್ನು ರಬ್ಬರಿನಿಂದ ಅಳಿಸಿ ಸರಿ ಉತ್ತರ ಬರೆದುಬಿಡುತ್ತಾರೆ, ಎಲ್ಲಿ ಎಡವಿದರು ಅಂತ ನಿಮಗೆ ಗೊತ್ತಾಗುವುದೇ ಇಲ್ಲ. ತಿದ್ದುವ ಹೊತ್ತಿಗೆ ರಬ್ಬರ್ ಚೀಲದೊಳಗಿರಲಿ. ಸರಿ ಉತ್ತರ ಪಕ್ಕದಲ್ಲಿ ಬರಲಿ. ಮುಖ್ಯೋಪಾಧ್ಯಾಯಿನಿ ಸಿಸ್ಟರಿಗೆ ಈ ಕ್ರಮ ಮೊದಲೇ ತಿಳಿಸಿ. ಪುಸ್ತಕ ತಪಾಸಣೆಯ ದಿನ ವಿವರಿಸಲು ಹೋದರೆ ನೆಪದಂತೆ ಕೇಳಿಸುತ್ತದೆ.

ಗಂಟಲಿನದು ಇನ್ನೊಂದು ಸುತ್ತು. ಗದ್ದಲದ ಮೇಲೆ ನೀವು ದನಿ ಏರಿಸುತ್ತೀರಿ, ಅದರ ಮೇಲೆ ಮಕ್ಕಳು ಏರಿಸುತ್ತಾರೆ. ಮಾತು ನಿಲ್ಲಿಸಿ, ಒಂದು ತಾಳದಲ್ಲಿ ಚಪ್ಪಾಳೆ ತಟ್ಟಿ. ಮಕ್ಕಳು ಅದೇ ತಾಳವನ್ನು ತಿರುಗಿಸಿ ತಟ್ಟಬೇಕು. ಮೊದಲ ವಾರ ಅದೇ ಆಟವಾಗುತ್ತದೆ, ಆಗಲಿ ಬಿಡಿ. ಬೋರ್ಡಿಗೆ ಮುಖಮಾಡಿ ಮಾತಾಡಬೇಡಿ, ಪಿರಿಯಡ್ಡಿಗೊಮ್ಮೆ ನೀರು ಕುಡಿಯಿರಿ. ದನಿ ಒಡೆದಾಗ ಪಿಸುಗುಟ್ಟುವುದೂ ಗಂಟಲಿಗೆ ಶ್ರಮವೇ. ಮೂರು ವಾರ ಕಳೆದರೂ ಸರಿಹೋಗದಿದ್ದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ.

ಈಗ ಕೊರಗು. ಜೆಸ್ವಿಟ್ ಗುರುಗಳ ಸಂಘ ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲಾ ಕಲಿಸಿದ ದಿನದ ಆತ್ಮಶೋಧನೆಗೆ ಐದು ಹೆಜ್ಜೆ: ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ದಿನದ ಮರುನೋಟ, ತಪ್ಪಿಗೆ ಕ್ಷಮೆ, ನಾಳೆಯ ನಿಶ್ಚಯ. ನಮ್ಮಲ್ಲಿ ಹೆಚ್ಚಿನವರು ನೇರ ನಾಲ್ಕನೆಯದಕ್ಕೆ ಹಾರುತ್ತಾರೆ, ಅದೂ ಹಾಸಿಗೆಯಲ್ಲಿ. ದಣಿದ ತಲೆಗೆ ಆಗ ತಪ್ಪು ಬಿಟ್ಟು ಬೇರೇನೂ ಕಾಣದು. ಸಂಜೆ ಮಕ್ಕಳು ಹೋದ ಮೇಲೆ ತರಗತಿಯಲ್ಲೇ ಐದು ನಿಮಿಷ ಕೂತು ಮಾಡಿ. ಕೃತಜ್ಞತೆಗೆ ಇಬ್ಬರು ಮಕ್ಕಳ ಹೆಸರು ಬೇಕೇ ಬೇಕು, ಅವರು ಆ ದಿನ ಮಾಡಿದ್ದೇನು ಅನ್ನುವುದರ ಸಮೇತ. ಒಂದು ವಾರದ ಹೆಸರುಗಳನ್ನು ಬರೆದಿಟ್ಟರೆ ಯಾರ ಹೆಸರು ಬಂದೇ ಇಲ್ಲ ಅನ್ನುವುದು ಕಾಣುತ್ತದೆ. ಬೈಗುಳ ಬೀಳುತ್ತಿರುವುದು ಬಹುಪಾಲು ಅವರಿಗೇ. ಎಲ್ಲರೆದುರು ಅತಿಯಾಗಿ ಬೈದಿದ್ದರೆ ಮರುದಿನ ಎಲ್ಲರೆದುರೇ ಒಂದು ವಾಕ್ಯದಲ್ಲಿ ಸರಿಪಡಿಸಿ. ಉದ್ದ ವಿವರಣೆ ಮಗುವಿಗೆ ಇನ್ನಷ್ಟು ಮುಜುಗರ.

'ದೇವರ ಕರೆ' ಅನ್ನುವ ಮಾತನ್ನು ಕೆಲವು ಕಡೆ ಸಂಬಳವಿಲ್ಲದ ಕೆಲಸ ಹೊರಿಸಲು ಬಳಸುತ್ತಾರೆ, ಇದನ್ನು ಮುಚ್ಚಿಡಬೇಕಾಗಿಲ್ಲ. ಏಳನೇ ದಿನದ ವಿಶ್ರಾಂತಿಯೂ ದೇವರ ಕಟ್ಟಳೆಯೇ ತಾನೆ! ಸಂಚಾಲಕರಾದ ಫಾದರ್ ಬಳಿ 'ಆಗುವುದಿಲ್ಲ' ಅಂತ ಹೋಗಬೇಡಿ. ಒಂದು ಭಾನುವಾರ ಬಿಟ್ಟು ಒಂದು ಭಾನುವಾರ ತರಗತಿ ತೆಗೆದುಕೊಳ್ಳಲು ಒಪ್ಪಿದ ಇನ್ನೊಬ್ಬರ ಹೆಸರನ್ನು ಕೈಯಲ್ಲಿಟ್ಟುಕೊಂಡೇ ಹೋಗಿ.

ಪ್ರಶ್ನೆ: ನನ್ನ ತರಗತಿಯಲ್ಲಿ ಹಿಂದೂ, ಮುಸ್ಲಿಂ ಮಕ್ಕಳೇ ಹೆಚ್ಚು. ಬೆಳಗಿನ ಪ್ರಾರ್ಥನೆಯ ಬಗ್ಗೆ ಪೋಷಕರೊಬ್ಬರು ರಾತ್ರಿ ಒಂಬತ್ತಕ್ಕೆ ತರಗತಿಯ ವಾಟ್ಸ್ಯಾಪ್ ಗುಂಪಿನಲ್ಲಿ ಆಕ್ಷೇಪ ಎತ್ತಿದರು. ಅಂದಿನಿಂದ ಶಾಲೆಗೆ ಹೋಗಲೇ ಅಳುಕು.
– ಸಹಶಿಕ್ಷಕಿ, ಉಡುಪಿ

ಉತ್ತರ: ಗುಂಪಿನಲ್ಲಿ ವಾದಕ್ಕಿಳಿಯಬೇಡಿ. 'ನಾಳೆ ಶಾಲೆಗೆ ಬನ್ನಿ, ಮಾತಾಡೋಣ' ಅಂದರೆ ಸಾಕು. ಮಾತಾಡುವಾಗ ಮುಖ್ಯೋಪಾಧ್ಯಾಯರು ಜೊತೆಗಿರಲಿ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ, ಮಕ್ಕಳಾದರೆ ಪೋಷಕರ ಒಪ್ಪಿಗೆಯಿಲ್ಲದೆ, ಧಾರ್ಮಿಕ ಬೋಧನೆಗೆ, ಆರಾಧನೆಗೆ ಸೇರಿಸುವಂತಿಲ್ಲ ಎಂದು ಸಂವಿಧಾನದ 28(3)ನೇ ವಿಧಿ ಹೇಳುತ್ತದೆ. ಆದ್ದರಿಂದ ಶಿಲುಬೆಯ ಗುರುತು ಹಾಕದ ಮಗುವನ್ನು ಗದರುವ ಪ್ರಶ್ನೆಯೇ ಇಲ್ಲ, ಸುಮ್ಮನೆ ನಿಂತಿರಲಿ. ಕಥೋಲಿಕ ಮಕ್ಕಳಿಗೆ ಧರ್ಮೋಪದೇಶ ನಡೆಯುವ ಪಿರಿಯಡ್ಡಿನಲ್ಲೇ ಉಳಿದವರಿಗೆ ಮೌಲ್ಯ ಶಿಕ್ಷಣ ಇಡಿ. ಅವರನ್ನು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರಿಸಿದರೆ ಮನೆಗೆ ಹೋಗುವ ಸುದ್ದಿ ಬೇರೆಯೇ ಆಗುತ್ತದೆ.

ಪ್ರಶ್ನೆ: ಸ್ಟಾಫ್ ರೂಮಿನಲ್ಲಿ ಬರೀ ಗೊಣಗಾಟ. ಕೇಳಿ ಕೇಳಿ ನಾನೂ ಹಾಗೇ ಆಗುತ್ತಿದ್ದೇನೆ.
– ಹೊಸ ಶಿಕ್ಷಕ, ಮೈಸೂರು

ಉತ್ತರ: ವಾರಕ್ಕೆರಡು ದಿನ ಮಕ್ಕಳ ಜೊತೆ ಕೂತು ಊಟ ಮಾಡಿ. ಐದು ದಿನವೂ ಹಾಗೆ ಮಾಡಿದರೆ ಜಂಭ ಅಂದುಕೊಳ್ಳುತ್ತಾರೆ. ಗೊಣಗಾಟದಲ್ಲಿ ನಿಜವಾದ ದೂರಿದ್ದರೆ, ಉದಾಹರಣೆಗೆ ಬಿಡುವಿನ ಪಿರಿಯಡ್ಡಿಗೆಲ್ಲ ಬದಲಿ ತರಗತಿ ಹಾಕುವುದು, ತಿಂಗಳ ಸ್ಟಾಫ್ ಮೀಟಿಂಗಿನಲ್ಲಿ ವೇಳಾಪಟ್ಟಿ ಹಿಡಿದು ಕೇಳಿ.