‘ಸುಮ್ನೆ ಒಂದ್ಸಲ ಆನ್ ಮಾಡಿ ನೋಡಿದೆ ಸಾರ್’

ಪ್ರಶ್ನೆ: ನಮ್ಮ ತಾತ 1960ರ ದಶಕದಲ್ಲಿ ಕೊಂಡ ಸ್ಟೀರಿಯೊ ರೇಡಿಯೊಗ್ರಾಂ (ರೇಡಿಯೊ, ರೆಕಾರ್ಡ್ ಪ್ಲೇಯರ್ ಎರಡೂ ಇರುವ ಪೆಟ್ಟಿಗೆ) ಮೂವತ್ತು ವರ್ಷ ಊರಿನ ಮನೆಯಲ್ಲಿ ಟಿವಿ ಸ್ಟ್ಯಾಂಡ್ ಆಗಿತ್ತು. ಈಗ ಬೆಂಗಳೂರಿಗೆ ತಂದಿದ್ದೇವೆ. ಸುಮ್ನೆ ಒಂದ್ಸಲ ಆನ್ ಮಾಡಿ ನೋಡಿದೆ. ಹತ್ತು ನಿಮಿಷ ಗುಂಯ್ ಅಂತು, ಸುಟ್ಟ ವಾಸನೆ ಬಂತು. ಒಳಗಿನದೆಲ್ಲ ಕಿತ್ತು ಬ್ಲೂಟೂತ್ ಬೋರ್ಡ್ ಹಾಕಿಕೊಡುತ್ತೇನೆ ಎನ್ನುತ್ತಾರೆ ಮೆಕ್ಯಾನಿಕ್. ಹಾಕಿಸಲೇ?

ಉತ್ತರ: ಬೇಡ. ಆದರೆ ಮೊದಲು ಬೈಗುಳ ತಿನ್ನಿ. ಈ ‘ಸುಮ್ನೆ ಒಂದ್ಸಲ’ ಅನ್ನೋ ಮಾತು ನನಗೆ ಬರುವ ಪತ್ರಗಳಲ್ಲೆಲ್ಲ ಇರುತ್ತದೆ. ಮೂವತ್ತು ವರ್ಷ ಸುಮ್ಮನೆ ಕೂತಿದ್ದು ಆ ಸೆಟ್ ಅನ್ನು ಕೊಂದಿರಲಿಲ್ಲ. ನೀವು ಹತ್ತೇ ನಿಮಿಷದಲ್ಲಿ ಕೊಲ್ಲಲು ಹೊರಟಿದ್ದಿರಿ.

ಆಗಿದ್ದು ಏನು ಅಂದರೆ, ಆ ಕಾಲದ ಸೆಟ್‌ಗಳಲ್ಲಿ ಮೇಣದ ಕಾಗದದ ಕಂಡೆನ್ಸರ್ ಇರುತ್ತವೆ. ಕಾಗದ ತೇವ ಎಳೆದುಕೊಂಡಂತೆಲ್ಲ ಅವುಗಳಿಂದ ಕರೆಂಟ್ ಸೋರುತ್ತದೆ. ಕರಾವಳಿಯ ಮನೆಯ ಸೆಟ್ ಆದರೆ ಕೇಳಲೇಬೇಡಿ. ಎಲ್ಲ ಸೋರಿಕೆಯೂ ಅಪಾಯವಲ್ಲ, ಆದರೆ ಒಂದು ಜಾಗದ್ದು ಬಲು ಕೆಟ್ಟದು. ಸಣ್ಣ ಸಿಗ್ನಲ್ ಹಿಗ್ಗಿಸುವ ಇಸಿಸಿ 83 ವಾಲ್ವಿನಿಂದ ಸ್ಪೀಕರ್ ಓಡಿಸುವ ಇಎಲ್ 84 ವಾಲ್ವಿಗೆ ಹಾಡು ದಾಟಿಸುವ ಕಂಡೆನ್ಸರ್ ಅದು. ಅದರ ಒಂದು ಬದಿಯಲ್ಲಿ ನೂರು ವೋಲ್ಟಿಗೂ ಜಾಸ್ತಿ ಇರುತ್ತದೆ. ಹಾಡನ್ನು ಮಾತ್ರ ಬಿಟ್ಟು ಆ ವೋಲ್ಟೇಜನ್ನು ತಡೆಯುವುದು ಅದರ ಕೆಲಸ. ಸೋರಿದರೆ ಇಎಲ್ 84ರ ಗ್ರಿಡ್ಡಿಗೆ (ವಾಲ್ವಿನ ಕರೆಂಟನ್ನು ಹಿಡಿತದಲ್ಲಿಡುವ ಜಾಲರಿ) ಪಾಸಿಟಿವ್ ವೋಲ್ಟೇಜ್ ಹೋಗುತ್ತದೆ. ವಾಲ್ವ್ ಎಗ್ಗಿಲ್ಲದೆ ಕರೆಂಟ್ ಎಳೆಯುತ್ತದೆ, ಒಳಗಿನ ಪ್ಲೇಟ್ ಕೆಂಪಗೆ ಕಾಯುತ್ತದೆ. ಆ ಕರೆಂಟೆಲ್ಲ ಹರಿಯುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಕೂದಲೆಳೆಯಂಥ ತಂತಿಯಲ್ಲಿ. ವಾಲ್ವ್ ಹುಡುಕಿದರೆ ಸಿಗುತ್ತದೆ. ಆ ಟ್ರಾನ್ಸ್‌ಫಾರ್ಮರ್ ಹೋದರೆ ಮತ್ತೆ ಸುತ್ತಿಸಬೇಕು, ಸರಿಯಾಗಿ ಸುತ್ತುವವರು ಈಗ ಎಷ್ಟು ಜನ ಇದ್ದಾರೆ?

ಪ್ಲಗ್ ಕಿತ್ತು, ಆ ಟ್ರಾನ್ಸ್‌ಫಾರ್ಮರಿನ ಪ್ರೈಮರಿಯ (ವಾಲ್ವಿನ ಕಡೆಯ ಸುತ್ತು) ಎರಡು ತುದಿಗೆ ಮೀಟರ್ ಹಿಡಿಯಿರಿ. ಕೆಲವು ನೂರು ಓಮ್ ತೋರಿಸಿದರೆ ನಿಮ್ಮ ಪುಣ್ಯ.

ಅದಕ್ಕೂ ಮೊದಲು ಒಂದು ಮಾತು. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕಂಡೆನ್ಸರಿನಲ್ಲಿ (ಕರೆಂಟಿನ ಏರಿಳಿತ ಸಮ ಮಾಡುವಂಥದ್ದು) 250–300 ವೋಲ್ಟ್ ಉಳಿದಿರಬಹುದು. ಸ್ಕ್ರೂಡ್ರೈವರಿನಿಂದ ಚಟ್ ಅನ್ನಿಸಿ ಖಾಲಿ ಮಾಡುವ ಶೂರರು ಇದ್ದಾರೆ, ನೀವು ಅವರಾಗಬೇಡಿ. 10 ಕಿಲೋ ಓಮ್‌ನ, 5 ವ್ಯಾಟ್‌ನ ರೆಸಿಸ್ಟರ್ ಮೂಲಕ ಇಳಿಸಿ, ಮೀಟರಿನಲ್ಲಿ ಸೊನ್ನೆ ನೋಡಿ, ಆಮೇಲೆ ಮುಟ್ಟಿ. ನನ್ನ ಎಡಗೈ ಹೆಬ್ಬೆರಳಿನ ಮೇಲೆ ಒಂದು ಸುಟ್ಟ ಕಲೆ ಇದೆ. ಅವತ್ತಿನಿಂದ ಅಳತೆ ಮಾಡುವಾಗ ನನ್ನ ಒಂದು ಕೈ ಜೇಬಿನಲ್ಲೇ ಇರುತ್ತದೆ.

ಇನ್ನು ಕೆಲಸ. ಎಲ್ಲ ಕೋನದಿಂದ ಫೋಟೊ ತೆಗೆದಿಡಿ. ಕಾಗದದ ಕಂಡೆನ್ಸರ್ ಒಂದೊಂದಾಗಿ ತೆಗೆದು, ಅದೇ ಮೈಕ್ರೊಫ್ಯಾರಡ್ ಅಳತೆಯ 630 ವೋಲ್ಟ್‌ನ ಫಿಲ್ಮ್ ಕಂಡೆನ್ಸರ್ ಹಾಕಿ. ಹತ್ತನ್ನು ಒಟ್ಟಿಗೆ ಕಿತ್ತು ‘ಯಾವುದು ಎಲ್ಲಿತ್ತು’ ಅಂತ ನನಗೆ ಬರೆಯಬೇಡಿ. ಮೈಕಾ, ಸಿರಾಮಿಕ್ ಕಂಡೆನ್ಸರ್‌ಗಳ ತಂಟೆಗೆ ಹೋಗಬೇಡಿ. ಗುಂಯ್ ಶಬ್ದಕ್ಕೆ ಮುಖ್ಯ ಕಾರಣ ಒಣಗಿದ ಫಿಲ್ಟರ್ ಕಂಡೆನ್ಸರ್, ಅದಕ್ಕೆ 450 ವೋಲ್ಟಿನ ಹೊಸದು. ದೊಡ್ಡದು ಹಾಕಿದರೆ ಬಾಸ್ ಜಾಸ್ತಿ ಎಂದು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿನಿಂದ 220 ಮೈಕ್ರೊಫ್ಯಾರಡ್ ತಂದು ಹಾಕುವವರಿದ್ದಾರೆ. ಎಸಿ ಕರೆಂಟನ್ನು ಡಿಸಿ ಮಾಡುವ ಇ-ಜೆಡ್ 81 ರೆಕ್ಟಿಫೈಯರ್ ವಾಲ್ವಿನ ಮುಂದಿನ ಮೊದಲ ಕಂಡೆನ್ಸರ್ 50 ದಾಟುವಂತಿಲ್ಲ. ದಾಟಿದರೆ ಬಾಸ್ ಬರುವುದಿಲ್ಲ, ವಾಲ್ವ್ ಹೋಗುತ್ತದೆ.

ಎಲ್ಲ ಆದ ಮೇಲೆ ನೇರ ಪ್ಲಗ್ಗಿಗಲ್ಲ, 60 ಅಥವಾ 100 ವ್ಯಾಟ್ ಬಲ್ಬಿನ ಸೀರೀಸ್ ಬೋರ್ಡಿಗೆ, ಅಂದರೆ ಕರೆಂಟ್ ಬಲ್ಬಿನ ಮೂಲಕವೇ ಹಾದು ಸೆಟ್ಟಿಗೆ ಬರುವ ಬೋರ್ಡಿಗೆ, ಕೊಡಿ. ತಂತಿಯ ಹಳೇ ಬಲ್ಬೇ ಆಗಬೇಕು, ಎಲ್‌ಇಡಿ ಇಲ್ಲಿ ಕೆಲಸಕ್ಕೆ ಬಾರದು. ಬಲ್ಬ್ ಒಮ್ಮೆ ಹೊಳೆದು ಮಂಕಾದರೆ ಸರಿ. ಹೊಳೆಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ಆಫ್ ಮಾಡಿ. ಸ್ಪೀಕರ್ ಬಿಚ್ಚಿಟ್ಟು ಮಾತ್ರ ಓಡಿಸಬೇಡಿ, ಅದೂ ಟ್ರಾನ್ಸ್‌ಫಾರ್ಮರಿಗೆ ಏಟು.

ಈಗ ಬ್ಲೂಟೂತ್. ಇದಕ್ಕೆ ಏನನ್ನೂ ಕೀಳುವುದು ಬೇಡ. ರೆಕಾರ್ಡ್ ಪ್ಲೇಯರಿನ ಸಿರಾಮಿಕ್ ಪಿಕಪ್‌ಗೆ ಮಾಡಿದ ‘ಗ್ರಾಂ’ ಇನ್‌ಪುಟ್ ಇದೆಯಲ್ಲ, ಬ್ಲೂಟೂತ್ ರಿಸೀವರಿನ ಔಟ್‌ಪುಟ್ ಅಲ್ಲಿಗೆ ಚೆನ್ನಾಗಿ ಹೊಂದುತ್ತದೆ. ನಿಮ್ಮದು ಸ್ಟೀರಿಯೊ, ಆದ್ದರಿಂದ ಎಡಕ್ಕೆ ಎಡ, ಬಲಕ್ಕೆ ಬಲ. ಮೊನೊ ಸೆಟ್ ಇರುವವರು ಎರಡು ತಂತಿ ಸೇರಿಸಿ ಹೊಸೆಯಬೇಡಿ. ಒಂದೊಂದಕ್ಕೂ 10 ಕಿಲೋ ಓಮ್ ರೆಸಿಸ್ಟರ್ ಹಾಕಿ ಆಮೇಲೆ ಸೇರಿಸಿ. ರಿಸೀವರಿಗೆ ಬೇರೆ 5 ವೋಲ್ಟ್ ಅಡಾಪ್ಟರ್, ಅದಕ್ಕೊಂದು ಸ್ವಿಚ್ ಇರಲಿ, ಇಲ್ಲದಿದ್ದರೆ ಮೀಡಿಯಂ ವೇವ್ ತುಂಬ ಅದರದೇ ಕಿರಿಕಿರಿ. ಮೊಮ್ಮಕ್ಕಳಿಗೆ ಬೇಡವಾದ ದಿನ ಎರಡು ತಂತಿ ಬಿಚ್ಚಿದರಾಯಿತು, ಸೆಟ್ ತಾತನ ಕಾಲದ್ದೇ.

ಒಂದೇ ಷರತ್ತು. ವಾಲ್ವಿನ ಹೆಸರು ‘ಇ’ ಅಕ್ಷರದಿಂದ ಶುರುವಾದರೆ ಅದರ ಹೀಟರ್ (ವಾಲ್ವನ್ನು ಕಾಯಿಸುವ ತಂತಿ) 6.3 ವೋಲ್ಟಿನದು, ಸಾಮಾನ್ಯವಾಗಿ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುವ ಸೆಟ್ ಅದು. ‘ಯು’ದಿಂದ, ಅಂದರೆ ಯುಎಲ್ 84, ಯುವೈ 85 ಥರ ಶುರುವಾದರೆ ಷಾಸಿಗೇ, ಅಂದರೆ ಒಳಗಿನ ಲೋಹದ ಚೌಕಟ್ಟಿಗೇ, ಮೇನ್ಸ್ ಕರೆಂಟ್ ಸೇರಿರಬಹುದು. ಅಂಥದ್ದಕ್ಕೆ ಹೊರಗಿನ ತಂತಿ ಸೇರಿಸುವುದೆಂದರೆ ಕೈಗೆ ಕರೆಂಟ್ ಕೊಟ್ಟಂತೆ. ಮನೆಯಲ್ಲಿ ಮುಟ್ಟಲೇಬೇಡಿ. ನಾನು ಹೆದರುಪುಕ್ಕಲ ಅಂದರೂ ಪರವಾಗಿಲ್ಲ.

ಪ್ರಶ್ನೆ: ಹಳೇ ರೇಡಿಯೊದಲ್ಲಿ ‘ರೆಡ್ ಮರ್ಕ್ಯುರಿ’ ಎಂಬ ಅಪರೂಪದ ವಸ್ತು ಇದೆ, ಲಕ್ಷಗಟ್ಟಲೆ ಬೆಲೆ ಅಂತಾರೆ. ನಿಜವಾ?

ಉತ್ತರ: ಸುಳ್ಳು. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಇದೇ ಪುಕಾರು ನಂಬಿ ಹಳೇ ಹೊಲಿಗೆ ಯಂತ್ರಗಳಿಗೆ ಜನ ಮುಗಿಬಿದ್ದಿದ್ದರು. ವಾಲ್ವಿನೊಳಗೆ ಬೆಳ್ಳಿಯಂತೆ ಹೊಳೆಯುವುದು ಬೇರಿಯಂ ಲೇಪ, ಉಳಿದ ಗಾಳಿಯನ್ನು ಹೀರಲು ಇಟ್ಟದ್ದು. ಅದು ಹಾಲಿನಂತೆ ಬೆಳ್ಳಗಾದರೆ ಗಾಳಿ ನುಗ್ಗಿದೆ, ವಾಲ್ವ್ ಸತ್ತಿದೆ.

ಪ್ರಶ್ನೆ: ಮಗ ಅಮೆರಿಕದಿಂದ ಕನ್ಸೋಲ್ (ಅಲ್ಲಿನ ರೇಡಿಯೊಗ್ರಾಂ) ತಂದಿದ್ದಾನೆ. ಸ್ಟೆಪ್‌ಡೌನ್ ಹಾಕಿದೆವು, ಆದರೂ ಹಾಡು ಎಳೆಯುತ್ತದೆ.

ಉತ್ತರ: ಸ್ಟೆಪ್‌ಡೌನ್ ವೋಲ್ಟೇಜ್ ಇಳಿಸುತ್ತದೆ, ಫ್ರೀಕ್ವೆನ್ಸಿ ಬದಲಿಸುವುದಿಲ್ಲ. ಅಲ್ಲಿ 60 ಹರ್ಟ್ಸ್, ಇಲ್ಲಿ 50. ನಿಮಿಷಕ್ಕೆ 33⅓ ಸುತ್ತು ತಿರುಗಬೇಕಾದ ತಟ್ಟೆ ಸುಮಾರು 28ರಲ್ಲಿ ತಿರುಗುತ್ತಿದೆ. ಅದೇ ಮಾಡೆಲಿಗೆ ಹೊಂದುವ 50 ಹರ್ಟ್ಸ್‌ನ ಮೋಟಾರ್ ಪುಲ್ಲಿ ಹುಡುಕಿ.

ಪ್ರಶ್ನೆ: ಪೆಟ್ಟಿಗೆಗೂ 78ರ (ನಿಮಿಷಕ್ಕೆ 78 ಸುತ್ತಿನ) ರೆಕಾರ್ಡಿಗೂ ಸ್ಪಿರಿಟ್ ಹಾಕಿ ಒರೆಸಬಹುದಾ?

ಉತ್ತರ: ಎರಡಕ್ಕೂ ಬೇಡ. ಪೆಟ್ಟಿಗೆಯ ಫ್ರೆಂಚ್ ಪಾಲಿಶೂ ಅರಗು, ಹಳೇ 78ರಲ್ಲಿರುವುದೂ ಅರಗು. ಸ್ಪಿರಿಟ್ ಎರಡನ್ನೂ ಕರಗಿಸುತ್ತದೆ.

ಪ್ರಶ್ನೆ: ರೇಡಿಯೊದ ಐಎಫ್ ಕ್ಯಾನಿನ (ಟ್ಯೂನ್ ಮಾಡಿದ ಕಾಯಿಲ್ ಇರುವ ಲೋಹದ ಡಬ್ಬಿ) ಸ್ಕ್ರೂಗಳು ಸಡಿಲವಾಗಿದ್ದವು, ಎಲ್ಲ ಬಿಗಿ ಮಾಡಿದೆ. ಈಗ ಸ್ಟೇಷನ್ನೇ ಇಲ್ಲ.

ಉತ್ತರ: ಅವು ಸಡಿಲವಾಗಿರಲಿಲ್ಲ ಸ್ವಾಮಿ, ಟ್ಯೂನ್ ಆಗಿದ್ದವು. ಸಿಗ್ನಲ್ ಜನರೇಟರ್ ಇರುವವರ ಹತ್ತಿರ ಒಯ್ಯಿರಿ.

ಪ್ರಶ್ನೆ: ಎಲ್ಲ ರಿಪೇರಿ ಮಾಡಿಸಿದರೂ ಮೀಡಿಯಂ ವೇವ್‌ನಲ್ಲಿ ಬರೀ ಗರಗರ.

ಉತ್ತರ: ಮನೆಯ ಮೇನ್ ಸ್ವಿಚ್ ಇಳಿಸಿ, ಬ್ಯಾಟರಿಯ ಟ್ರಾನ್ಸಿಸ್ಟರ್ ಹಚ್ಚಿ ಕೇಳಿ. ಅದು ಚೆನ್ನಾಗಿ ಹಾಡಿದರೆ ರೇಡಿಯೊಗ್ರಾಂ ಬಿಟ್ಟು ನಿಮ್ಮ ಎಲ್‌ಇಡಿ ಬಲ್ಬು, ಚಾರ್ಜರ್ ಒಂದೊಂದಾಗಿ ಕಿತ್ತು ನೋಡಿ.